ನಾಯಿ ಹೊಟ್ಟೆಯ ಲಾಡಿ

ಟೇಪು ಮಾಸ್ತರಿಗೆ ಆ ಹೆಸರು ಬಂದದ್ದು ಅವರ ಕುತ್ತಿಗೆಯಿಂದ. ಬೆಳಿಗ್ಗೆ ಮುಖ ತೊಳೆದ ಕೂಡಲೇ ಅಳತೆಯ ಟೇಪನ್ನು ಕುತ್ತಿಗೆಗೆ ಇಳಿಬಿಟ್ಟುಕೊಂಡರೆ ಅದು ಕೆಳಗಿಳಿಯುತ್ತಿದ್ದದ್ದು ಮಲಗುವಾಗಲೇ. ಮದುವೆಮನೆಗಳಿಗೂ ಅದರೊಂದಿಗೇ ಹೋಗುತ್ತಿದ್ದರು. ಒಮ್ಮೆ ಕಾಯಿಲೆ ಬಿದ್ದ ಸ್ನೇಹಿತನನ್ನು ನೋಡಲು ಹಾಗೇ ಹೋಗಿ, ಹಾಸಿಗೆಯಲ್ಲಿದ್ದವನು ಟೇಪು ಕಂಡು, ಹೆಣದ ಬಟ್ಟೆಗೆ ಅಳತೆ ತೆಗೆಯಲು ಬಂದರೆಂದು ಬಿಕ್ಕಿ ಬಿಕ್ಕಿ ಅತ್ತದ್ದೂ ಉಂಟು. ಇಪ್ಪತ್ತೆರಡು ವರ್ಷ ಬಟ್ಟೆ ಹೊಲಿದ ಮೇಲೆ ಅವರಿಗೆ ಒಂದು ನಂಬಿಕೆ ಬಂದುಬಿಟ್ಟಿತ್ತು: ಲೋಕದಲ್ಲಿ ಅಳತೆಗೆ ಸಿಗದ ವಸ್ತುವಿಲ್ಲ, ಅಳೆದ ಮೇಲೆ ಅರ್ಥವಾಗದ ವಿಷಯವಿಲ್ಲ. ಇದನ್ನು ಸುತ್ತಮುತ್ತಲಿನವರೆಲ್ಲ ಒಪ್ಪಿದ್ದರು, ಅಥವಾ ಒಪ್ಪಿದವರಂತೆ ತಲೆಯಾಡಿಸಿ ಬಟ್ಟೆ ಬೇಗ ಹೊಲಿಸಿಕೊಳ್ಳುತ್ತಿದ್ದರು. ತಲೆಯಾಡಿಸದವರು ಒಬ್ಬರೇ, ಅವರ ಮಾವ.

ಮಾವ ಗೂಡ್ಸ್ ರೈಲಿನ ಗಾರ್ಡ್ ಆಗಿ ನಿವೃತ್ತರಾದವರು. ಮೂವತ್ತು ವರ್ಷ ರೈಲಿನ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕೂತು ಸೀಟಿ ಊದಿ ಊದಿ ಅವರ ಮಾತೂ ಸೀಟಿಯಷ್ಟೇ ಗಿಡ್ಡವಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಯಿಂದ ಎರಡು ಬೀದಿ ಆಚೆ ಬಾಡಿಗೆ ಮನೆ ಮಾಡಿ, ಒಂದು ಕಂದು ನಾಯಿಯ ಜೊತೆ ಇದ್ದರು. ನಾಯಿಯ ಒಂದು ಕಿವಿ ಸದಾ ಮೇಲೆ, ಇನ್ನೊಂದು ಸದಾ ಕೆಳಗೆ. ಆದ್ದರಿಂದ ಅದಕ್ಕೆ ಸಿಗ್ನಲ್ ಎಂದು ಹೆಸರಿಟ್ಟಿದ್ದರು.

ಒಂದು ದಿನ ಬೆಳಿಗ್ಗೆ ಮಾವ ಒಂದು ಕೈಯಲ್ಲಿ ಚೀಲ, ಇನ್ನೊಂದು ತೋಳಿನಲ್ಲಿ ನಾಯಿಯನ್ನು ಹೊತ್ತುಕೊಂಡು ಅಂಗಡಿಯ ಬಾಗಿಲಲ್ಲಿ ನಿಂತರು. ಮಾಸ್ತರ ಮನೆಯ ಮುಂದಿನ ಕೋಣೆಯೇ ಅಂಗಡಿ.

"ದೊಡ್ಡವಳ ಊರಿಗೆ ಹೋಗ್ತಿದೀನಿ. ಹದಿನೈದು ದಿನ. ಇದನ್ನ ನೋಡ್ಕೊ."

"ಅಯ್ಯೋ, ಅದಕ್ಕೇನು ಮಾವ! ನಾನಿದ್ದೀನಲ್ಲ!"

"ನೀನಿದ್ದೀಯಲ್ಲ, ಅದೇ ಯೋಚನೆ," ಎಂದು ಮಾವ ಹೊರಟೇಬಿಟ್ಟರು.

ಬೇರೆಯವರಾಗಿದ್ದರೆ ಈ ಮಾತಿಗೆ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಮಾಸ್ತರು ಹಿಗ್ಗಿಹೋದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಮಾವ ಅವರ ಕೈಗೆ ಒಂದು ಛತ್ರಿಯನ್ನೂ ನಂಬಿ ಕೊಟ್ಟವರಲ್ಲ. ಈಗ ಕೊಟ್ಟದ್ದು ಜೀವವಿರುವ ಪ್ರಾಣಿಯನ್ನು.

ಆಗ ಅಂಗಡಿಯಲ್ಲಿ ದೊಡ್ಡ ಕೆಲಸವೊಂದು ನಡೆಯುತ್ತಿತ್ತು. ಊರಿನ ಆಸ್ಪತ್ರೆ ಒಳರೋಗಿಗಳಿಗೆಂದು ನೂರು ಬಿಳಿ ಪೈಜಾಮ ಹೊಲಿಯಲು ಹೇಳಿತ್ತು. ಪ್ರತಿಯೊಂದಕ್ಕೂ ಸೊಂಟಕ್ಕೆ ಕಟ್ಟಲು ಒಂದೂವರೆ ಗಜದ ಬಿಳಿ ಲಾಡಿ. ಹೊಲಿದು ಮುಗಿದವನ್ನು ಮಾಸ್ತರು ಮೂಲೆಯಲ್ಲಿ ಒಟ್ಟುತ್ತಿದ್ದರು. ಸಿಗ್ನಲ್ ಬಂದ ಮೊದಲ ದಿನವೇ ಆ ರಾಶಿಯ ಮೇಲೆ ಹತ್ತಿ, ಮೂರು ಸುತ್ತು ಸುತ್ತಿ ಮಲಗಿತು. ಎರಡು ದಿನ ಮಾಸ್ತರು ಓಡಿಸಿದರು. ಮೂರನೆಯ ದಿನ, ಅದು ಮಲಗಿದ ಕಡೆ ಬಟ್ಟೆಯ ಮಡಿಕೆ ಚೆನ್ನಾಗಿ ಕೂರುತ್ತದೆ ಎಂದು ತಮಗೆ ತಾವೇ ಹೇಳಿಕೊಂಡು ಸುಮ್ಮನಾದರು.

ನಾಯಿ ಮಾತ್ರ ಸರಿಯಿರಲಿಲ್ಲ. ಹಾಕಿದ್ದನ್ನೆಲ್ಲ ತಿನ್ನುತ್ತಿತ್ತು, ಆದರೂ ಪಕ್ಕೆಲುಬು ಎಣಿಸಬಹುದಾಗಿತ್ತು. ಆಗಾಗ ಕೂತು, ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತ ಕೋಣೆಯ ಈ ತುದಿಯಿಂದ ಆ ತುದಿಗೆ ಜಾರಿಕೊಂಡು ಹೋಗುತ್ತಿತ್ತು. ಅದು ಎದ್ದ ಜಾಗದಲ್ಲಿ ಬಿಳಿಯ, ಒಣ ಅಕ್ಕಿಕಾಳಿನಂಥವು ನಾಲ್ಕೈದು ಬಿದ್ದಿರುತ್ತಿದ್ದವು. ದಾರದ ಚೂರಿರಬೇಕು ಎಂದು ಮಾಸ್ತರು ಊದಿ ಹಾರಿಸುತ್ತಿದ್ದರು.

"ರೀ, ಅಪ್ಪ ಬರೋ ಹೊತ್ತಿಗೆ ಇದು ಅರ್ಧ ಆಗಿರುತ್ತೆ. ಮೊದಲು ದನದಾಸ್ಪತ್ರೆಗೆ ಕರ್ಕೊಂಡು ಹೋಗಿ," ಎಂದಳು ಹೆಂಡತಿ.

ಮಾವ ಸರಪಳಿ ತಂದಿರಲಿಲ್ಲ. ಮಾಸ್ತರು ಕೈಗೆ ಸಿಕ್ಕಿದ್ದೊಂದನ್ನು ನಾಯಿಯ ಕುತ್ತಿಗೆಗೆ ಸುತ್ತಿ, ಅದರ ಹಿಂದೆ ತಾವೇ ಎಳೆಸಿಕೊಂಡು ಹೊರಟರು.

ದನದಾಸ್ಪತ್ರೆಯ ಡಾಕ್ಟರಮ್ಮ ಮೆಲುದನಿಯವರು, ಮೇಲೆ ಮುಖಕ್ಕೆ ಮಾಸ್ಕು. ಪಕ್ಕದ ಕಟ್ಟೆಯ ಮೇಲೆ ಸಹಾಯಕರು ಒಂದು ಕರುವಿಗೆ ಕಾಲು ಕಟ್ಟಿ ಸೂಜಿ ಹಾಕುತ್ತಿದ್ದರು. ಅದು ಹಾಕಿದ ಕೂಗಿಗೆ ಕಿಟಕಿಯ ಗಾಜು ಅದುರುತ್ತಿತ್ತು. ಡಾಕ್ಟರಮ್ಮ ಸಿಗ್ನಲ್‌ನ ಬಾಲ ಎತ್ತಿ ನೋಡಿ ಕೇಳಿದರು:

"ಅಕ್ಕಿಕಾಳಿನ ಥರದ್ದು ಬೀಳ್ತಿತ್ತಾ?"

"ಬೀಳ್ತಿತ್ತು ಮೇಡಂ. ದಾರದ ಚೂರು ಅಂದ್ಕೊಂಡೆ."

"ಅದರದೇ ತುಂಡುಗಳು ಅವು. ಟೇಪ್—" ಕರು ಕೂಗಿತು.

ಮಾಸ್ತರ ಕೈ ತಟ್ಟನೆ ಕುತ್ತಿಗೆಗೆ ಹೋಯಿತು. "ಟೇಪು ಇಲ್ಲೇ ಇದೆಯಲ್ಲ ಮೇಡಂ!"

"ಅದೇ ರೀ, ಲಾಡಿ—" ಕರು ಮತ್ತೆ ಕೂಗಿತು. "ಹೊಟ್ಟೇಲಿ ಸೇರ್ಕೊಂಡಿದೆ."

ಮಾಸ್ತರು ನಾಯಿಯ ಹೊಟ್ಟೆ ಮುಟ್ಟಿ ನೋಡಿದರು. "ಲಾಡೀನಾ?"

"ಹೌದು. ಒಂದೂವರೆ ಅಡಿವರೆಗೂ ಇರಬಹುದು. ತುಂಡು ತುಂಡಾಗಿ ಹೊರಗೆ ಬರ್ತಾ ಇರುತ್ತೆ. ಕಂಡರೆ ಎಳೆಯೋಕೆ ಹೋಗ್ಬೇಡಿ, ತಲೆ ಒಳಗೆ ಕಚ್ಕೊಂಡಿರುತ್ತೆ."

"ತಲೆ ಅಂದ್ರೆ ಗಂಟು," ಎಂದು ಮಾಸ್ತರು ತಮ್ಮಷ್ಟಕ್ಕೆ ತಿದ್ದಿಕೊಂಡರು. ಲಾಡಿಯ ತುದಿಗೆ ಅವರು ಗಂಟು ಹಾಕುವುದು ವಾಡಿಕೆ.

"ಈ ಮಾತ್ರೆ ಹಾಕಿ. ಒಳಗೇ ಕರಗಿ ಹೋಗುತ್ತೆ. ಚಿಗಟ ಇದೆ ಇದಕ್ಕೆ, ಮಲಗೋ ಜಾಗ..." ಎನ್ನುವಷ್ಟರಲ್ಲಿ ಹೊರಗಿನಿಂದ ಯಾರೋ, "ಡಾಕ್ಟ್ರೇ, ಎಮ್ಮೆ ಬಿದ್ದೋಯ್ತು!" ಎಂದು ಕೂಗಿದರು. ಡಾಕ್ಟರಮ್ಮ ಮಾತ್ರೆಯನ್ನು ಮಾಸ್ತರ ಅಂಗೈಯಲ್ಲಿಟ್ಟು ಓಡಿದರು.

ಮನೆಗೆ ಬಂದವರೇ ಮಾಸ್ತರು ಬಾಗಿಲು ಹಾಕಿ ಲಾಡಿಗಳನ್ನು ಎಣಿಸಿದರು. ಪೈಜಾಮಗಳಿಗೆ ಪೋಣಿಸಿದ್ದು, ಪೋಣಿಸಲು ಕತ್ತರಿಸಿಟ್ಟದ್ದು, ಎಲ್ಲ ಸೇರಿ ತೊಂಬತ್ತೊಂಬತ್ತು. ಕತ್ತರಿಸಿದ್ದು ನೂರು. ಮತ್ತೊಮ್ಮೆ ಎಣಿಸಿದರು. ತೊಂಬತ್ತೊಂಬತ್ತೇ. ಅವರು ತಲೆಯ ಮೇಲೆ ಕೈ ಹೊತ್ತು ಕೂತರು. ನಾಯಿ ಎದುರಿಗೇ ಕೂತು, ಒಂದು ಕಿವಿ ಎತ್ತಿ ಅವರನ್ನು ನೋಡುತ್ತಿತ್ತು.

ಮಾತ್ರೆಯ ವಿಷಯದಲ್ಲಿ ಮಾಸ್ತರು ದುಡುಕಲಿಲ್ಲ. ಹತ್ತಿಯ ಲಾಡಿ ಕುದಿಸಿದರೂ ಕರಗುವುದಿಲ್ಲ. ಅದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಥದ್ದನ್ನು ಕರಗಿಸುವ ಮಾತ್ರೆಯಾದರೆ ಪಾಪ, ನಾಯಿಯ ಕರುಳನ್ನು ಬಿಟ್ಟೀತೆ? ಕರಗಿಸದ ಮಾತ್ರೆಯಾದರೆ ಕೊಟ್ಟು ಪ್ರಯೋಜನವೇನು? ಒಂದು ಗಾಜಿನ ಲೋಟದಲ್ಲಿ ನೀರು ಹಾಕಿ, ಮಾತ್ರೆಯನ್ನು ಅದರಲ್ಲಿ ಬಿಟ್ಟು, ತಮ್ಮ ಹಳೆಯ ಪೈಜಾಮದ ಲಾಡಿಯಿಂದ ಮೂರಿಂಚು ಕತ್ತರಿಸಿ ಮುಳುಗಿಸಿದರು. ಹೊತ್ತು ಹೊತ್ತಿಗೆ ಲಾಡಿಯನ್ನು ಎತ್ತಿ ಟೇಪು ಹಿಡಿದು ನೋಡಿದರು. ಮೊದಲ ದಿನ ಮೂರಿಂಚು. ಎರಡನೆಯ ದಿನ ಮೂರಿಂಚು. ಮೂರನೆಯ ದಿನ ನೆನೆದು ಒಂದು ನೂಲೆಳೆಯಷ್ಟು ಹೆಚ್ಚೇ ಆಗಿತ್ತು.

"ನೋಡಿದ್ಯಾ? ಇದು ಕರಗಿಸೋ ಮಾತ್ರೆಯಲ್ಲ, ಬೆಳೆಸೋ ಮಾತ್ರೆ," ಎಂದು ಅವರು ಪಕ್ಕದ ಇಸ್ತ್ರಿಯವನಿಗೆ ತೋರಿಸಿದರು.

ಇಸ್ತ್ರಿಯವನು ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಮಾಸ್ತ್ರೇ, ಆಪರೇಷನ್ನೇ ಗತಿ," ಎಂದ. ಅವನಿಗೆ ಆಪರೇಷನ್ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಅವನ ಭಾವನಿಗೆ ಒಂದಾಗಿತ್ತು. ಅಲ್ಲಿಯವರೆಗೆ ಬಾಳೆಹಣ್ಣು ಕೊಟ್ಟರೆ ಲಾಡಿ ನಯವಾಗಿ ಜಾರಬಹುದೆಂದೂ ಸಲಹೆ ಕೊಟ್ಟ. ಸಿಗ್ನಲ್ ಬಾಳೆಹಣ್ಣನ್ನು ಮೂಸಿ, ಮುಖ ತಿರುಗಿಸಿ, ಪೈಜಾಮಗಳ ಮೇಲೆ ಹೋಗಿ ಮಲಗಿತು. ಈಗ ಅದು ಊಟವನ್ನೂ ಅರ್ಧಕ್ಕೇ ಬಿಡುತ್ತಿತ್ತು. ಮಾವ ಬರಲು ಒಂದೇ ವಾರ ಉಳಿದಿತ್ತು. ಮಾಸ್ತರು ಹೊಲಿಗೆ ಯಂತ್ರ ತುಳಿಯುತ್ತ ನಾಯಿಯನ್ನು ನೋಡುವರು, ನೋಡುತ್ತ ಹೊಲಿಗೆ ತಪ್ಪಿಸುವರು. ಎರಡು ಪೈಜಾಮಗಳ ಕಾಲು ಒಂದಕ್ಕೊಂದು ಸೇರಿಕೊಂಡವು.

ಹೆಂಡತಿ ಎರಡು ದಿನ ತಂಗಿಯ ಮನೆಗೆ ಹೋಗಿದ್ದಳು. ಮಾತ್ರೆ ಹಾಕಿದರೋ ಎಂದು ಹೋಗುವಾಗ ಕೇಳಿದ್ದಕ್ಕೆ ಮಾಸ್ತರು, "ಪರೀಕ್ಷೆ ನಡೀತಿದೆ," ಎಂದಿದ್ದರು. ದನದಾಸ್ಪತ್ರೆಯವರು ಇನ್ನೇನೋ ಪರೀಕ್ಷೆ ಮಾಡುತ್ತಿರಬೇಕೆಂದು ಅವಳು ತಿಳಿದಳು.

ನಾಲ್ಕನೆಯ ದಿನ ಪೈಜಾಮಗಳನ್ನು ಒಪ್ಪಿಸಬೇಕಿತ್ತು. ಒಂದು ಲಾಡಿ ಕಡಿಮೆ. ಇನ್ನೊಂದನ್ನು ಹೊಲಿದು ಹಾಕಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಬಟ್ಟೆ ಆಸ್ಪತ್ರೆಯದು, ಅಳೆದು ಕೊಟ್ಟದ್ದು. ಮಾಸ್ತರು ಲೆಕ್ಕಕ್ಕೆ ನಿಷ್ಠರು. ಆಸ್ಪತ್ರೆಗೆ ಹೋಗಿ ಉಗ್ರಾಣದ ಸಾಹೇಬರ ಮೇಜಿನ ಮುಂದೆ ಕೈಕಟ್ಟಿ ನಿಂತರು. ಸಾಹೇಬರು ದಿನಕ್ಕೆ ಹದಿನೆಂಟು ಸಲ ಕೈ ತೊಳೆಯುವವರು.

"ಒಂದು ತೊಂದರೆ ಆಗಿದೆ ಸಾರ್. ನಾಯಿ ಹೊಟ್ಟೇಲಿ ಲಾಡಿ ಇದೆ."

ಸಾಹೇಬರು ಬರೆಯುವುದನ್ನು ನಿಲ್ಲಿಸಿದರು. ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ನಾಯಿಯ ಹೊಟ್ಟೆಯೊಳಗಿನ ಲಾಡಿ ಎಂದರೆ ಒಂದೇ ಅರ್ಥ, ಹುಳ. "ಯಾರು ಹೇಳಿದ್ದು?"

"ದನದ ಡಾಕ್ಟ್ರೇ ನೋಡಿ ಹೇಳಿದ್ರು."

"ಅಯ್ಯೋ ಪಾಪ. ಆದ್ರೆ ಅದನ್ನ ನನಗ್ಯಾಕೆ ಹೇಳ್ತಿದೀರಿ?"

"ನಮ್ಮ ಪೈಜಾಮದ್ದೇ ಸಾರ್ ಅದು. ಅಲ್ಲಿಂದಾನೇ ಹೋಗಿರೋದು."

"ಪೈಜಾಮದಲ್ಲಿ ಇತ್ತಾ?"

"ಇತ್ತಾ ಅಂದ್ರೇನು ಸಾರ್, ಎಲ್ಲದರಲ್ಲೂ ಒಂದೊಂದು ಇದೆ! ನಾನೇ ಕೈಯಾರೆ ಒಳಗೆ ಬಿಟ್ಟಿದೀನಿ."

ಸಾಹೇಬರ ಕುರ್ಚಿ ಒಂದಡಿ ಹಿಂದಕ್ಕೆ ಹೋಯಿತು. "ಎಷ್ಟುದ್ದ ಇದೆ?"

"ಒಂದೂವರೆ ಗಜ."

"ಬಣ್ಣ?"

"ಅಚ್ಚ ಬಿಳಿ. ಬಿಳೀದೇ ಬೇಕು ಅಂತ ನೀವೇ ಹೇಳಿದ್ರಲ್ಲ?"

"ನಾನಾ!" ಸಾಹೇಬರ ಧ್ವನಿ ಕೀರಲಾಯಿತು. "ಮಾಸ್ತ್ರೇ, ಕಾಯಿಲೆ ಮನುಷ್ಯ ಅದನ್ನ ಹಾಕ್ಕೊಂಡ್ರೆ ಏನಾಗುತ್ತೆ ಗೊತ್ತಾ?"

"ಏನೂ ಆಗಲ್ಲ ಸಾರ್. ಸೊಂಟ ಗಟ್ಟಿಯಾಗಿ ಹಿಡ್ಕೊಳುತ್ತೆ. ಮಲಗಿದ್ರೂ ಬಿಡಲ್ಲ."

ಸಾಹೇಬರು ಎದ್ದು ಕೈ ತೊಳೆದರು. ಮತ್ತೆ ಬಂದು, ಮಾಸ್ತರು ಮುಟ್ಟಿದ್ದ ಮೇಜನ್ನು ಒರೆಸಿ, ಮತ್ತೆ ಕೈ ತೊಳೆದರು. ಅರ್ಧ ಗಂಟೆಯಲ್ಲಿ ಆಸ್ಪತ್ರೆಯ ವ್ಯಾನು ಮಾಸ್ತರ ಮನೆಯ ಮುಂದೆ ನಿಂತಿತು. ಒಳಗಿಂದ ಸಾಹೇಬರೂ, ಉದ್ದ ಕೈಗವಸು ತೊಟ್ಟ ಇಬ್ಬರು ಸಫಾಯಿಯವರೂ ಇಳಿದರು. ಒಬ್ಬನ ಕೈಯಲ್ಲಿ ಔಷಧಿ ಸಿಂಪಡಿಸುವ ಪಂಪು, ಇನ್ನೊಬ್ಬನ ಕೈಯಲ್ಲಿ ಇಕ್ಕಳ.

ಬೀದಿಯೆಂದರೆ ಬೀದಿಯೇ ಕೂಡಿತು. ಏನಾಯಿತೆಂದು ಯಾರಿಗೂ ತಿಳಿಯದಿದ್ದರೂ ಎಲ್ಲರೂ ಇನ್ನೊಬ್ಬರಿಗೆ ವಿವರಿಸುತ್ತಿದ್ದರು. ಮಾಸ್ತರು ಪೈಜಾಮದಲ್ಲಿ ಹುಳ ಸಾಕುತ್ತಿದ್ದರಂತೆ ಎಂಬ ಮಾತು ಕಿವಿಗೆ ಬಿದ್ದದ್ದೇ ಇಸ್ತ್ರಿಯವನು, ಮಾಸ್ತರ ಅಂಗಡಿಯಿಂದ ಬಂದಿದ್ದ ಆರು ಅಂಗಿಗಳನ್ನು ಕೋಲಿನಿಂದ ಎತ್ತಿ ಬೀದಿಗೆ ಹಾಕಿದ. ಅಂಗಿಗಳ ಒಡೆಯ ಅಲ್ಲೇ ಗುಂಪಿನಲ್ಲಿ ನಿಂತಿದ್ದ.

"ಎಲ್ಲಿದೆ? ತೋರಿಸಿ," ಎಂದರು ಸಾಹೇಬರು, ಹೊಸ್ತಿಲಿನಿಂದ ಆಚೆಯೇ ನಿಂತು.

ಮಾಸ್ತರು ರಾಶಿಯಿಂದ ಒಂದು ಪೈಜಾಮ ಎತ್ತಿ, ಸೊಂಟದ ಮಡಿಕೆಗೆ ಎರಡು ಬೆರಳು ಹಾಕಿ, ಲಾಡಿಯನ್ನು ಸರ್ರನೆ ಎಳೆದರು. ಅದು ಬಿಳಿಯಾಗಿ, ಉದ್ದವಾಗಿ, ನುಲಿಯುತ್ತ ಹೊರಗೆ ಬಂತು. ಗುಂಪಿನಲ್ಲಿ ಯಾರೋ ಕಿಟಾರನೆ ಕಿರುಚಿದರು. ಸಫಾಯಿಯವನು ಗಾಬರಿಯಲ್ಲಿ ಪಂಪು ಒತ್ತಿ, ಸಾಹೇಬರನ್ನು ಕಾಲಿನಿಂದ ತಲೆಯವರೆಗೆ ತೋಯಿಸಿದ.

ಔಷಧಿ ತೊಟ್ಟಿಕ್ಕಿಸಿಕೊಂಡೇ ಸಾಹೇಬರು ಬಗ್ಗಿ ನೋಡಿದರು.

"ಇದು ಲಾಡಿ," ಎಂದರು.

"ಹೌದು ಸಾರ್, ಲಾಡಿ," ಎಂದರು ಮಾಸ್ತರು.

"ಪೈಜಾಮದ ಲಾಡಿ!"

"ಇನ್ನೇನು ಸಾರ್ ಮತ್ತೆ?"

ಆ ಹೊತ್ತಿಗೆ ಹೆಂಡತಿ ಬಂದಳು. ತಂಗಿಯ ಮನೆಯಿಂದ ಬರುವ ದಾರಿಯಲ್ಲಿ ದನದಾಸ್ಪತ್ರೆಗೆ ಹೋಗಿ, ಪರೀಕ್ಷೆ ಏನಾಯಿತೆಂದು ಕೇಳಿದ್ದಳು. ಯಾವ ಪರೀಕ್ಷೆ ಎಂದು ಕಕ್ಕಾಬಿಕ್ಕಿಯಾದ ಡಾಕ್ಟರಮ್ಮ ತಮ್ಮ ಸ್ಕೂಟರಿನಲ್ಲೇ ಅವಳನ್ನು ಕೂರಿಸಿಕೊಂಡು ಬಂದಿದ್ದರು. ಇಬ್ಬರೂ ಗುಂಪನ್ನು ಸರಿಸಿಕೊಂಡು ಒಳಗೆ ಬಂದರು.

"ಮಾತ್ರೆ ಹಾಕಿದ್ರಾ?" ಡಾಕ್ಟರಮ್ಮ ಕೇಳಿದರು.

ಮಾಸ್ತರು ಲೋಟ ತಂದು ತೋರಿಸಿದರು. ನಾಲ್ಕು ದಿನದ ನೀರು ಹಳದಿಯಾಗಿತ್ತು. ಅದರೊಳಗೆ ಮೂರಿಂಚು ಲಾಡಿ ನೆಮ್ಮದಿಯಾಗಿ ಮಲಗಿತ್ತು.

"ಕರಗಲಿಲ್ಲ ಮೇಡಂ," ಎಂದರು, ತಪ್ಪು ಡಾಕ್ಟರಮ್ಮನದೇ ಎಂಬಂತೆ.

ಡಾಕ್ಟರಮ್ಮ ಲೋಟ ನೋಡಿದರು, ಲಾಡಿ ನೋಡಿದರು, ನೆನೆದ ಸಾಹೇಬರನ್ನೂ ನೋಡಿದರು. ಆಮೇಲೆ ಮಾಸ್ಕು ಕೆಳಗೆ ಎಳೆದು, ಮೆಲುದನಿ ಬಿಟ್ಟು, ಬೀದಿಗೆಲ್ಲ ಕೇಳುವಂತೆ ಹೇಳಿದರು: "ಹುಳ ರೀ, ಹುಳ! ಟೇಪ್‌ವರ್ಮ್! ಲಾಡಿಹುಳ! ಲಾಡಿ ಥರ ಉದ್ದಕ್ಕೆ ಚಪ್ಪಟೆಯಾಗಿರುತ್ತೆ ಅಂತ ಆ ಹೆಸರು. ಕರುಳಲ್ಲಿ ಬೆಳೆಯುತ್ತೆ. ನಾಯಿ ತಿಂದ ಅನ್ನ ಅದು ತಿನ್ನುತ್ತೆ. ಆ ಬಿಳಿ ಕಾಳುಗಳು ಅದರ ತುಂಡುಗಳು!"

"ಹಾಗಾದ್ರೆ ನನ್ನ ನೂರನೇ ಲಾಡಿ ಎಲ್ಲಿ ಮೇಡಂ?" ಮಾಸ್ತರು ಕಂಗಾಲಾಗಿ ಕೇಳಿದರು.

"ಇದರ ಕುತ್ತಿಗೇಲಿರೋದೇನು?"

ಎಲ್ಲರೂ ನಾಯಿಯ ಕಡೆ ತಿರುಗಿದರು. ನಾಲ್ಕು ದಿನದ ಧೂಳು ಹತ್ತಿ ಮಣ್ಣಿನ ಬಣ್ಣಕ್ಕೆ ತಿರುಗಿದ್ದ ಒಂದೂವರೆ ಗಜ ಲಾಡಿ ಅದರ ಕುತ್ತಿಗೆಯಲ್ಲಿ ಎರಡು ಸುತ್ತು ಸುತ್ತಿಕೊಂಡಿತ್ತು.

ಬೀದಿ ನಕ್ಕಿತು. ಇಸ್ತ್ರಿಯವನಂತೂ ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಉರುಳಿದ. ಡಾಕ್ಟರಮ್ಮ ಬೇರೊಂದು ಮಾತ್ರೆಯನ್ನು ನಾಯಿಯ ನಾಲಿಗೆಯ ಬುಡಕ್ಕೆ ಇಟ್ಟು, ಬಾಯಿ ಮುಚ್ಚಿ, ಗಂಟಲು ಸವರಿದರು. ಎರಡು ಕ್ಷಣದ ಕೆಲಸ. "ಬರೀ ಮಾತ್ರೆ ಸಾಲದು. ಚಿಗಟದ ಹೊಟ್ಟೇಲಿ ಈ ಹುಳದ ಮರಿ ಇರುತ್ತೆ. ನಾಯಿ ಮೈ ಕಚ್ಚಿಕೊಳ್ಳೋವಾಗ ಚಿಗಟ ನುಂಗುತ್ತೆ, ಹುಳ ಮತ್ತೆ ಬರುತ್ತೆ. ಮೈಗೂ ಔಷಧಿ ಹಾಕಿ, ಮಲಗೋ ಬಟ್ಟೆನೂ ಬಿಸಿನೀರಲ್ಲಿ ಒಗೀರಿ," ಎಂದು ಹೇಳಿ, ಸ್ಕೂಟರ್ ಹತ್ತಿ ಹೋದರು.

ಸಾಹೇಬರು ಮುಖ ಒರೆಸಿಕೊಂಡರು. ಕೋಪ ಬಂದಿತ್ತು, ಆದರೆ ನೆಮ್ಮದಿ ಅದಕ್ಕಿಂತ ದೊಡ್ಡದಾಗಿತ್ತು. "ಆಯ್ತು, ಬದುಕಿದೆ. ಹೇಗೂ ವ್ಯಾನ್ ಬಂದಿದೆ, ಪೈಜಾಮ ಎಲ್ಲ ತುಂಬಿ. ನಾಳೆ ಬೆಳಿಗ್ಗೆ ವಾರ್ಡಿಗೆ ಹಂಚ್ತೀವಿ," ಎಂದರು.

ಸಫಾಯಿಯವರು ರಾಶಿಗೆ ಕೈ ಹಾಕಿದರು. ಮಾಸ್ತರು ಆ ರಾಶಿಯ ನಡುವಿನ ತಗ್ಗನ್ನು ನೋಡಿದರು. ಅದು ನಾಯಿಯ ಅಳತೆಯ ತಗ್ಗು. ಅಂಚಿನಲ್ಲಿ ಮೂರು ಬಿಳಿ ಕಾಳು ಇದ್ದವು. ಬೇರೆ ಯಾರೂ ಅವನ್ನು ನೋಡಿರಲಿಲ್ಲ. ಬೀದಿ ಇನ್ನೂ ನಗುತ್ತಿತ್ತು. ಇವತ್ತಿಗೆ ಇಷ್ಟು ಸಾಕು, ಇನ್ನು ಬಾಯಿ ಬಿಡಬೇಡ ಎಂದು ಅವರ ಒಳಗೆ ಯಾರೋ ಹೇಳಿದರು. ಸುಮ್ಮನಿದ್ದರೆ ಕೆಲಸ ಮುಗಿಯುತ್ತಿತ್ತು. ಹೇಳಿದರೆ ಆಸ್ಪತ್ರೆಯವರು ಇನ್ನೆಂದೂ ಒಂದು ಗುಂಡಿಯನ್ನೂ ಅವರಿಂದ ಹೊಲಿಸುವಂತಿರಲಿಲ್ಲ.

"ತಗೋಬೇಡಿ," ಎಂದರು ಮಾಸ್ತರು.

"ಮತ್ತೇನು?"

"ನಾಯಿ ಇದರ ಮೇಲೇ ಮಲಗ್ತಿತ್ತು ಸಾರ್. ನಾನೇ ಮಲಗೋಕೆ ಬಿಟ್ಟೆ. ಇದರಲ್ಲಿ ಚಿಗಟ ಇರುತ್ತೆ. ಏಳೋಕೂ ಆಗದೆ ಮಲಗಿರೋರು ಹಾಕ್ಕೊಳೋ ಬಟ್ಟೆ..."

ನಗು ನಿಂತಿತು. ಸಾಹೇಬರು ಕೈ ಎತ್ತಿ ಸಫಾಯಿಯವರನ್ನು ತಡೆದರು. "ಮೂರು ದಿನ ಕೊಡ್ತೀನಿ. ಕುದಿಯೋ ನೀರಲ್ಲಿ ಒಗೆದು, ಇಸ್ತ್ರಿ ಹಾಕಿ ತನ್ನಿ. ನಾನೇ ಒಂದೊಂದಾಗಿ ನೋಡ್ತೀನಿ," ಎಂದರು. ವ್ಯಾನು ಖಾಲಿ ಹೋಯಿತು.

ಮಾರನೆಯ ದಿನ ಹಿತ್ತಿಲಿನಲ್ಲಿ ದೊಡ್ಡ ಪಾತ್ರೆಯಿಟ್ಟು ನೀರು ಕುದಿಸಿದರು. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಒಗೆಯಲು ನಿಂತಳು. ಇಸ್ತ್ರಿಯವನು ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಬಂದು, "ಒಣಗಿದ್ದು ಕೊಡಿ ಇಲ್ಲಿ," ಎಂದ. ನೂರು ಪೈಜಾಮಗಳು ಹಗ್ಗದ ಮೇಲೆ, ಬೇಲಿಯ ಮೇಲೆ, ಮಾಡಿನ ಮೇಲೆ ಕಾಲು ಚಾಚಿಕೊಂಡು ತೂಗಿದವು. ಸಿಗ್ನಲ್ ಔಷಧಿ ನೀರಿನಲ್ಲಿ ಮಿಂದು, ಅವಮಾನಗೊಂಡಂತೆ ಬಿಸಿಲಿನಲ್ಲಿ ಕೂತಿತ್ತು.

ಮೂರನೆಯ ದಿನ ಮಧ್ಯಾಹ್ನ, ಹೇಳಿದ್ದಕ್ಕಿಂತ ಮೊದಲೇ, ಮಾವ ಬಂದರು.

ಹಿತ್ತಿಲ ಬಾಗಿಲಲ್ಲಿ ನಿಂತು ಪೈಜಾಮಗಳನ್ನು ನೋಡಿದರು, ನಾಯಿಯನ್ನು ನೋಡಿದರು. "ಏನಾಯ್ತು?"

ಮಾಸ್ತರು ಏನನ್ನೂ ಮುಚ್ಚಿಡಲಿಲ್ಲ. ಕರು, ಟೇಪು, ಲೋಟ, ಬಾಳೆಹಣ್ಣು, ವ್ಯಾನು, ಎಲ್ಲ ಹೇಳಿದರು. "ನಾಲ್ಕು ದಿನ ಔಷಧಿ ಇಲ್ಲದೆ ನರಳಿಸಿಬಿಟ್ಟೆ ಮಾವ. ನೀವು ಹೇಳಿದ್ದೇ ಸರಿ. ನಾನಿದ್ದದ್ದೇ ತೊಂದರೆ," ಎಂದು ತಲೆ ತಗ್ಗಿಸಿದರು.

ಮಾವ ಬೈಯಲಿಲ್ಲ. ಕಟ್ಟೆಯ ಮೇಲೆ ಮೆಲ್ಲಗೆ ಕೂತರು. "ಆ ಕಾಳು... ಒಣಗಿದ ಅನ್ನದ ಅಗುಳಿನ ಥರ ಇರುತ್ತಾ?"

"ಹಾಗೇ ಇರುತ್ತೆ ಮಾವ."

"ಕುರ್ಚಿ ಮೇಲೆ, ಹಾಸಿಗೆ ಮೇಲೆ ಎಲ್ಲ ಬೀಳುತ್ತಾ?"

"ಅದು ಮಲಗಿದ ಕಡೆಯೆಲ್ಲ ಬೀಳುತ್ತೆ."

ಮಾವ ತಮ್ಮ ಬಲಗೈಯನ್ನು ಮುಂದೆ ಚಾಚಿ, ಬೆರಳು ಬಿಡಿಸಿ ನೋಡಿಕೊಂಡರು. ಹನ್ನೊಂದು ವರ್ಷದಲ್ಲಿ ಅಳಿಯ ಅವರ ಬಾಯಿಂದ ಆಗ ಬಂದಷ್ಟು ಉದ್ದದ ಮಾತು ಕೇಳಿರಲಿಲ್ಲ.

"ಮೂರು ತಿಂಗಳಿಂದ ಮನೆ ತುಂಬ ಅದೇ. ಗುಡಿಸಿದಷ್ಟೂ ಬೀಳ್ತಿತ್ತು. ನಾನೇ ಚೆಲ್ತಿದೀನಿ ಅಂದ್ಕೊಂಡೆ. ಕೈ ನಡುಗ್ತಿದೆ, ನನಗೇ ಗೊತ್ತಾಗ್ತಿಲ್ಲ ಅಂತ. ನಮ್ಮಪ್ಪನಿಗೂ ಹಾಗೇ ಶುರುವಾಗಿತ್ತು. ಕೊನೇಗೆ ಬೇರೆಯವರು ತಿನ್ನಿಸಬೇಕಾಗಿತ್ತು. ದೊಡ್ಡವಳ ಊರಲ್ಲಿ ನರದ ಡಾಕ್ಟ್ರು ಇದ್ದಾರೆ ಅಂತ ಹೋದೆ. ಕೈಗೆ ಏನೂ ಆಗಿಲ್ಲ ಅಂದ್ರು. ಸುಮ್ನೆ ಸಮಾಧಾನಕ್ಕೆ ಹೇಳ್ತಿದಾರೆ ಅಂದ್ಕೊಂಡು ಎದ್ದು ಬಂದೆ."

ಒಗೆಯುತ್ತಿದ್ದ ಮಗಳು ನೀರಿನಿಂದ ಕೈ ತೆಗೆದಳು. ಅಪ್ಪ ಈ ಮನೆಯಲ್ಲಿ ಒಂದು ತುತ್ತು ತಿಂದು ಮೂರು ತಿಂಗಳಾಗಿತ್ತು. ಬಂದಾಗಲೆಲ್ಲ ಹಸಿವಿಲ್ಲ ಎನ್ನುತ್ತಿದ್ದರು. ಅಡುಗೆ ಅವರಿಗೆ ಹಿಡಿಸುತ್ತಿಲ್ಲ ಎಂದು ಅವಳು ಒಳಗೊಳಗೇ ನೊಂದುಕೊಂಡಿದ್ದಳು.

"ಅಪ್ಪ, ಊಟಕ್ಕೆ ಏಳಿ," ಎಂದಳು.

ಮಾವ ಎದ್ದು ಕೈ ತೊಳೆದು ಬಂದರು. ಎಲ್ಲರ ಎದುರಿಗೆ, ಹೊರಗಿನ ಬೆಳಕು ಬೀಳುವ ಕಡೆ ಕೂತರು. ಅಳಿಯ ಒಂದು ಪಕ್ಕ, ಬೇಡವೆಂದರೂ ಕೇಳದೆ ಎಳೆದು ಕೂರಿಸಿದ ಇಸ್ತ್ರಿಯವನು ಇನ್ನೊಂದು ಪಕ್ಕ. ಮಾವ ನಿಧಾನವಾಗಿ, ಒಂದೊಂದು ತುತ್ತನ್ನೂ ಕಣ್ಣಿಟ್ಟು ನೋಡಿ ಬಾಯಿಗೆ ಹಾಕಿಕೊಂಡರು. ತಟ್ಟೆ ಖಾಲಿಯಾದ ಮೇಲೆ ಅದನ್ನು ಪಕ್ಕಕ್ಕೆ ಸರಿಸಿ, ಬಗ್ಗಿ, ಅದರಡಿಯ ನೆಲವನ್ನೂ ಸುತ್ತಲಿನ ನೆಲವನ್ನೂ ನೋಡಿದರು. ಒಂದು ಅಗುಳೂ ಬಿದ್ದಿರಲಿಲ್ಲ.

ಮಾಸ್ತರೂ ಬಗ್ಗಿ ನೋಡಿದರು. "ಏನೂ ಇಲ್ಲ ಮಾವ," ಎಂದರು.

"ನಂಗೂ ಕಣ್ಣಿದೆ," ಎಂದರು ಮಾವ. ತಟ್ಟೆಯನ್ನು ಮತ್ತೆ ಮುಂದಕ್ಕೆಳೆದುಕೊಂಡು ಮಗಳ ಕಡೆ ನೋಡಿದರು. "ಇನ್ನೊಂದು ಸೌಟು ಹಾಕು."